ಮಸ್ಕಿಯ ಶಾಸನದ ಬಗ್ಗೆ ಎಲ್ಲಿ ಓದಲಿ?

ಪ್ರಶ್ನೆ: ಮಸ್ಕಿ ಶಾಸನದ ಮೇಲೆ ಸಂಶೋಧನೆ ಮಾಡುವ ಆಸೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಏನು ಹುಡುಕಬೇಕು?
– ಓದುಗರು, ಸಿಂಧನೂರು

ಉತ್ತರ: ಮೂಲ ವರದಿಗಳಿಂದಲೇ ಶುರು ಮಾಡಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಈ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಹೊರತಂದರು. ಅದರಲ್ಲಿನ ‘ಅಸೋಕ’ ಎಂಬ ಮೂರು ಬ್ರಾಹ್ಮಿ ಅಕ್ಷರಗಳನ್ನು ಬೆರಳಿಟ್ಟು ಓದಿ ನೋಡಿ, ಮೈ ಜುಮ್ಮೆನ್ನುತ್ತದೆ! ಇತರ ಶಾಸನಗಳ ‘ದೇವಾನಾಂಪ್ರಿಯ’ ರಾಜ ಅಶೋಕನೇ ಎಂಬುದು ದೃಢಪಟ್ಟದ್ದು ಈ ಅಕ್ಷರಗಳಿಂದ.

ಪುರಾತತ್ವಜ್ಞ ಬಿ.ಕೆ. ಥಾಪರ್ ಅವರ 1954ರ ಮಸ್ಕಿ ಉತ್ಖನನದ ವರದಿ ‘ಏನ್ಷಿಯಂಟ್ ಇಂಡಿಯಾ’ 13ನೇ ಸಂಚಿಕೆಯಲ್ಲಿದೆ. ಇಂಥವು ಪುಸ್ತಕದ ಕಪಾಟಿನಲ್ಲಿ ಕಾಣದಿದ್ದರೆ ಹಳೆಯ ನಿಯತಕಾಲಿಕಗಳ ವಿಭಾಗದಲ್ಲಿ ಸಂಕೋಚಪಡದೆ ಕೇಳಿ.

ಕಲಬುರಗಿಯ ವಿಶ್ವವಿದ್ಯಾಲಯ ಗ್ರಂಥಾಲಯಕ್ಕೆಂದು ಬಸ್ಸು ಹತ್ತುವ ಮೊದಲು ಮೊಬೈಲಿನಲ್ಲೇ ‘ಶೋಧಗಂಗಾ’ ತೆರೆಯಿರಿ. ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಉಚಿತ. ಪ್ರಬಂಧದ ಕೊನೆಯ ಗ್ರಂಥಋಣದಿಂದ ಬೇಕಾದ ಪುಸ್ತಕಗಳ ಹೆಸರು ಬರೆದುಕೊಂಡೇ ಹೊರಡಿ.