ಕ್ರೈಸ್ತ ಚಿಂತನೆ ಕಂಡ ಇಸ್ಲಾಂ

ಕುರಾನ್ ಯೇಸುವನ್ನು ಪ್ರವಾದಿಯೆಂದು ಗೌರವಿಸುತ್ತದೆ, ಕನ್ಯೆ ಮರಿಯಮಳ ಮಗನೆಂದು ಒಪ್ಪುತ್ತದೆ. ಅದರ 19ನೆಯ ಅಧ್ಯಾಯಕ್ಕೆ ಆಕೆಯದೇ ಹೆಸರು. ಆದರೆ ಆತ ದೇವರ ಮಗನೆಂಬುದನ್ನೂ ಶಿಲುಬೆಯ ಮೇಲೆ ಸತ್ತನೆಂಬುದನ್ನೂ ಅದು ಒಪ್ಪುವುದಿಲ್ಲ. ಆದರೂ ಮೇಲಿನ ಹೋಲಿಕೆಗಳಿಂದಾಗಿ ಕ್ರೈಸ್ತ ಪಂಡಿತರಿಗೆ ಇಸ್ಲಾಂ ಪೂರ್ತಿ ಪರಕೀಯವಾಗಿ ಕಾಣಲಿಲ್ಲ.

8ನೆಯ ಶತಮಾನದ ಡಮಾಸ್ಕಸ್‌ನ ಯೋಹಾನ ಅದನ್ನು ಹೊಸ ಧರ್ಮವೆಂದೇ ಎಣಿಸದೆ, ದಾರಿ ತಪ್ಪಿದ ಪಂಥಗಳ ಪಟ್ಟಿಗೆ ಸೇರಿಸಿದ. ಖಲೀಫರ ಹಣಕಾಸು ನೋಡಿಕೊಳ್ಳುತ್ತಿದ್ದ ಮನೆತನದವನಾದ ಆತನಿಗೆ ಮುಸ್ಲಿಮರ ಪರಿಚಯ ಹತ್ತಿರದ್ದೇ. ಬರಹ ಮಾತ್ರ ಕಟುವಾದದ್ದು. ಬಹುಪತ್ನಿತ್ವ, ವಿಚ್ಛೇದನಗಳನ್ನು ಆತ ಟೀಕಿಸಿದ. ಆದರೆ ಬೈಬಲ್ಲಿನ ಯಾಕೋಬನಿಗೂ ಒಬ್ಬಳಿಗಿಂತ ಹೆಚ್ಚು ಹೆಂಡಿರಿದ್ದರು. ಈ ವಾದ ಹೂಡುವ ಕ್ರೈಸ್ತರು ಅದಕ್ಕೂ ಉತ್ತರ ಕೊಡಲೇಬೇಕು.

ಸುಮಾರು 781ರಲ್ಲಿ ಪೂರ್ವದ ಕ್ರೈಸ್ತ ಸಭೆಯ ಮಹಾ ಧರ್ಮಾಧ್ಯಕ್ಷ ಒಂದನೆಯ ತಿಮೊಥಿ ಖಲೀಫ ಅಲ್-ಮಹದಿಯೊಡನೆ ನಡೆಸಿದ ಸಂವಾದದ ಧಾಟಿಯೇ ಬೇರೆ. ಮುಹಮ್ಮದರ ಬಗ್ಗೆ ಏನು ಹೇಳುತ್ತೀರಿ ಎಂದು ಖಲೀಫ ನೇರವಾಗಿ ಕೇಳಿದ. ಅವರು ಜನರನ್ನು ವಿಗ್ರಹಗಳಿಂದ ಬಿಡಿಸಿ ಏಕದೇವನ ಕಡೆಗೂ, ಕೆಟ್ಟದ್ದರಿಂದ ಒಳ್ಳೆಯದರ ಕಡೆಗೂ ತಿರುಗಿಸಿದ್ದರಿಂದ ಪ್ರವಾದಿಗಳ ಹಾದಿಯಲ್ಲಿ ನಡೆದವರು ಎಂಬುದು ತಿಮೊಥಿಯ ಉತ್ತರದ ಸಾರ. ಮುಹಮ್ಮದರನ್ನು ಪ್ರವಾದಿಯೆಂದು ಆತ ಒಪ್ಪಲಿಲ್ಲ, ತಂದೆ, ಮಗ, ಪವಿತ್ರಾತ್ಮ ಒಂದೇ ದೇವರೆಂಬ ತ್ರಿತ್ವವನ್ನು ಬಿಟ್ಟುಕೊಡಲೂ ಇಲ್ಲ. ತನ್ನ ನಂಬಿಕೆ ಸಡಿಲಿಸದೆ ಇನ್ನೊಬ್ಬರ ಒಳ್ಳೆಯದನ್ನು ಹೆಸರಿಸಿ ಹೇಳಿದ ಈ ಧೈರ್ಯ ಇಡೀ ಚರಿತ್ರೆಯಲ್ಲಿ ಅಪರೂಪ. ಪಶ್ಚಿಮ ಯುರೋಪಿಗಂತೂ ಕುರಾನಿನ ಪೂರ್ಣ ಲ್ಯಾಟಿನ್ ಅನುವಾದ ಸಿಕ್ಕಿದ್ದೇ 1143ರಲ್ಲಿ. ಅದನ್ನು ಮಾಡಿಸಿದ್ದೂ ಖಂಡನೆಗಾಗಿಯೇ.

ನೀತಿಯ ವಿಚಾರದಲ್ಲಿ ಬಿರುಕು ನಿಜಕ್ಕೂ ಆಳವಾಗುವುದು ಪಾಪದ ಪ್ರಶ್ನೆಯಲ್ಲಿ. ಇಸ್ಲಾಮಿನಲ್ಲಿ ಮೊದಲ ಮನುಷ್ಯ ಆದಮ್ ತನ್ನ ತಪ್ಪಿಗೆ ಪಶ್ಚಾತ್ತಾಪಪಟ್ಟ, ದೇವರು ಕ್ಷಮಿಸಿದ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವಂತಿಲ್ಲ. ಕ್ರೈಸ್ತರಲ್ಲಿ ಆದಮನ ಪತನದ ನೆರಳು ಮನುಕುಲದ ಮೇಲೆಲ್ಲ ಇದೆ, ಯೇಸುವಿನ ಮರಣವೇ ಬಿಡುಗಡೆ. ಕ್ಷಮಿಸಲು ದೇವರಿಗೆ ಬಲಿ ಏಕೆ ಬೇಕು ಎಂಬುದು ಮುಸ್ಲಿಮರ ಪ್ರಶ್ನೆ. ಬೆಲೆ ತೆರದ ಕ್ಷಮೆಯಲ್ಲಿ ನ್ಯಾಯ ಉಳಿಯುವುದು ಹೇಗೆ ಎಂಬುದು ಕ್ರೈಸ್ತರದು. ನಿತ್ಯದ ನಡತೆಗೆ ಬಂದರೆ ಅಂತರ ಕಿರಿದಾಗುತ್ತದೆ: ಉಪವಾಸ, ದಾನ, ಅನಾಥರ ಆರೈಕೆ ಎರಡೂ ಕಡೆ ಕರ್ತವ್ಯ. ಇಸ್ಲಾಂ ನಿಷೇಧಿಸುವ ಬಡ್ಡಿಯನ್ನು ಮಧ್ಯಯುಗದ ಚರ್ಚ್ ಕೂಡ ನಿಷೇಧಿಸಿತ್ತು.

1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ‘ನೊಸ್ತ್ರಾ ಎತಾತೆ’ ಘೋಷಣೆ ಮುಸ್ಲಿಮರ ಏಕದೇವ ಆರಾಧನೆ, ಪ್ರಾರ್ಥನೆ, ದಾನ, ಉಪವಾಸಗಳನ್ನು ಗೌರವದಿಂದ ನೆನೆಯಿತು. ಹಳೆಯ ಕಲಹ ಮರೆತು ನ್ಯಾಯ, ಶಾಂತಿಗಾಗಿ ಜೊತೆಗೂಡಬೇಕೆಂದಿತು. ಮುಹಮ್ಮದರ ಹೆಸರನ್ನಾಗಲಿ ಕುರಾನಿನ ಹೆಸರನ್ನಾಗಲಿ ಅದು ಎತ್ತಲಿಲ್ಲ.