ಫೋನಿನಲ್ಲಿ ಪಾಠ: ದಾನಿಗಳಿಗೂ ಪೋಷಕರಿಗೂ ಒಂದು ವಿವರಣೆ



ಕಳೆದ ರಮಝಾನ್‌ನಿಂದ ಈಚೆಗೆ ನಮ್ಮನ್ನು ಅತಿ ಹೆಚ್ಚು ಮಂದಿ ಕೇಳಿದ ಪ್ರಶ್ನೆ ಒಂದೇ: "ಆನ್‌ಲೈನ್ ಕ್ಲಾಸಿಗೆಂದು ನಾವು ಕೊಟ್ಟ ಹಣದಲ್ಲಿ ಎಷ್ಟು ಟ್ಯಾಬ್ ಕೊಂಡಿರಿ?" ಗಲ್ಫ್‌ನಲ್ಲಿರುವವರು ಫೋನ್ ಮಾಡಿ ಕೇಳಿದ್ದಾರೆ, ಊರಿನವರು ಜುಮಾ ಮುಗಿಸಿ ಹೊರಬರುವಾಗ ನಿಲ್ಲಿಸಿ ಕೇಳಿದ್ದಾರೆ. ಕೇಳುವುದು ಅವರ ಹಕ್ಕು. ಉತ್ತರ ಹೀಗಿದೆ: ಮೊದಲ ವರ್ಷ ಕೊಂಡೆವು, ಎರಡನೆಯ ವರ್ಷ ಒಂದನ್ನೂ ಕೊಳ್ಳಲಿಲ್ಲ. ಆ ವರ್ಷದ ಹಣದ ಹೆಚ್ಚಿನ ಪಾಲು ಶಿಕ್ಷಕರ ಸಂಬಳಕ್ಕೆ, ಫೋನ್ ರೀಚಾರ್ಜ್‌ಗೆ, ಝೆರಾಕ್ಸ್ ಹಾಳೆಗಳಿಗೆ ಹೋಯಿತು. ಲೆಕ್ಕಪತ್ರದಲ್ಲಿ ಈ ಬಾಬ್ತುಗಳನ್ನು ನೋಡಿ ಕೆಲವರಿಗೆ ಬೇಸರವಾಗಿದೆ ಎಂದು ತಿಳಿಯಿತು. ಮಹಾಸಭೆಯಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹಣದ ಮಾತು. ಟ್ಯಾಬ್‌ಗೆಂದೇ ಹೇಳಿ ಕೊಟ್ಟ ಹಣ ನಮ್ಮಲ್ಲಿರುವ ಅಮಾನತ್ತು. ಅದನ್ನು ಬೇರೆ ಕೆಲಸಕ್ಕೆ ಬಳಸುವ ಮೊದಲು ಹಾಗೆ ಕೊಟ್ಟ ಪ್ರತಿಯೊಬ್ಬರಿಗೂ ಫೋನ್ ಮಾಡಿ ಒಪ್ಪಿಗೆ ಕೇಳಿದೆವು. ಹೆಚ್ಚಿನವರು ಒಪ್ಪಿದರು. ಒಪ್ಪದವರೂ ಇದ್ದರು, ಅವರ ಹಣವನ್ನು ಮುಟ್ಟಿಲ್ಲ, ಲೆಕ್ಕಪತ್ರದ ಕೊನೆಯಲ್ಲಿ ಉಳಿಕೆಯಾಗಿ ಕಾಣುವ ಮೊತ್ತ ಅದೇ. ಝಕಾತ್ ಹಣದಿಂದ ಯಾರಿಗೂ ಸಂಬಳ ಕೊಟ್ಟಿಲ್ಲ. ಝಕಾತ್ ಅರ್ಹ ಬಡವರ ಕೈಗೆ ಅವರ ಸ್ವಂತದ್ದಾಗಿ ಸೇರಬೇಕೆಂದು ಉಸ್ತಾದರು ತಿಳಿಸಿದ್ದರಿಂದ, ಆ ಹಣದಲ್ಲಿ ಕೊಂಡ ಫೋನ್‌ಗಳನ್ನು ಅರ್ಹ ಕುಟುಂಬಗಳಿಗೆ ಪೂರ್ತಿಯಾಗಿ ಕೊಟ್ಟುಬಿಟ್ಟಿದ್ದೇವೆ. ಸದಕಾ ಹಣದಲ್ಲಿ ಕೊಂಡ ಟ್ಯಾಬ್‌ಗಳು ಮಾತ್ರ ಎರವಲು; ಒಂದು ಮಗು ಮುಗಿಸಿದ ಮೇಲೆ ಇನ್ನೊಂದಕ್ಕೆ ಹೋಗುತ್ತವೆ.

ಇನ್ನು ಪಾಠದ ಮಾತು. 2020ರ ಮಾರ್ಚ್ ಮಧ್ಯದಲ್ಲಿ ನಮ್ಮ ರಾಜ್ಯದ ಶಾಲೆಗಳು ಮುಚ್ಚಿದವು. ಆಗ ಯಾರೂ ಇದು ಒಂದೂವರೆ ವರ್ಷದ ಮಾತು ಎಂದುಕೊಂಡಿರಲಿಲ್ಲ. ಮಾರ್ಚ್‌ನಲ್ಲೇ ಆಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ 25ಕ್ಕೆ ಆರಂಭವಾಯಿತು. ಜುಲೈನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೇತುಬಂಧ ಪಾಠಗಳು ಬಂದವು. ಆಗಸ್ಟ್‌ನಲ್ಲಿ ಸರಕಾರ ವಿದ್ಯಾಗಮ ಆರಂಭಿಸಿತು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಜಗಲಿ, ಮರದಡಿ, ಸಭಾಭವನಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಜನವರಿಯಲ್ಲಿ ಮೇಲಿನ ತರಗತಿಗಳು ತೆರೆದವು, ಎರಡನೆಯ ಅಲೆ ಬಂದಾಗ ಮತ್ತೆ ಮುಚ್ಚಿದವು. ರಾಜ್ಯದಲ್ಲಿ 1ರಿಂದ 5ನೇ ತರಗತಿಯ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಮೊದಲ ಬಾರಿ ಮುಚ್ಚಿದಾಗ ಒಂದನೇ ತರಗತಿಯಲ್ಲಿದ್ದ ಮಗು ಆ ಹೊತ್ತಿಗೆ ಮೂರನೇ ತರಗತಿಯಲ್ಲಿತ್ತು.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡಿದ್ದನ್ನೇ. ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಕ್ಲಾಸ್. ನಮ್ಮ ಗಣಿತದ ಟೀಚರ್ ಊಟದ ಮೇಜಿನ ಮೇಲೆ ಎರಡು ಸ್ಟೀಲ್ ಡಬ್ಬಿ ಇಟ್ಟು, ಅವುಗಳ ಮೇಲೆ ಫ್ರಿಜ್ಜಿನ ಗಾಜಿನ ತಟ್ಟೆಯನ್ನು ಅಡ್ಡ ಮಲಗಿಸಿ, ಅದರ ಮೇಲೆ ಫೋನನ್ನು ಕವುಚಿ ಹಾಕಿ, ಕೆಳಗಿನ ಹಾಳೆಯಲ್ಲಿ ಲೆಕ್ಕ ಬಿಡಿಸುತ್ತಿದ್ದರು. ಇದನ್ನು ಅವರಿಗೆ ಯಾವ ತರಬೇತಿಯೂ ಕಲಿಸಲಿಲ್ಲ. ಬರೆಯುವ ಕೈ ಮಕ್ಕಳಿಗೆ ಚೆನ್ನಾಗಿ ಕಾಣುತ್ತಿತ್ತು. ಟೀಚರಿಗೆ ಮಾತ್ರ ಮಕ್ಕಳು ಕಾಣುತ್ತಿರಲಿಲ್ಲ. "ಅರ್ಥವಾಯಿತಾ?" ಎಂದು ಕೇಳಿದರೆ ಎದುರಿಗೆ ಕಪ್ಪು ಚೌಕಗಳು, ಎಲ್ಲಿಂದಲೋ ಮಿಕ್ಸಿಯ ಸದ್ದು.

ಎರಡು ತಿಂಗಳಲ್ಲಿ ಹಾಜರಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಫೋನ್ ಇಲ್ಲದ್ದೇ ಕಾರಣವೆಂದು ಭಾವಿಸಿ ಟ್ಯಾಬ್ ಕೊಂಡೆವು. ನಮ್ಮ ತಪ್ಪು ಅಲ್ಲಿ. ಟ್ಯಾಬ್ ಕೊಟ್ಟ ಮನೆಗಳಿಂದಲೂ ಮಕ್ಕಳು ಬರಲಿಲ್ಲ. ಏಕೆಂದು ಮನೆ ಮನೆಗೆ ಫೋನ್ ಮಾಡಿ ವಿಚಾರಿಸಿದಾಗ ಸಿಕ್ಕ ಉತ್ತರಗಳು ಬೇರೆಯೇ ಇದ್ದವು.

ಒಂದು ಗಂಟೆಯ ವಿಡಿಯೋ ಕ್ಲಾಸಿಗೆ ಸುಮಾರು ಅರ್ಧ ಜಿಬಿಯಿಂದ ಒಂದು ಜಿಬಿವರೆಗೆ ಡಾಟಾ ಬೇಕು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿದ ಮನೆಯಲ್ಲಿ ಅಣ್ಣ-ತಂಗಿ ಇಬ್ಬರು ಓದುವವರಿದ್ದರೆ ಮಧ್ಯಾಹ್ನದೊಳಗೆ ಎಲ್ಲ ಖಾಲಿ. ಕೆಲಸವಿಲ್ಲದೆ ಕುಳಿತ ತಂದೆಗೆ ರೀಚಾರ್ಜ್ ದೊಡ್ಡ ಖರ್ಚು. ಬೀಡಿ ಕಟ್ಟುವ ತಾಯಿಯೊಬ್ಬರು, "ಟೀಚರೇ, ಟ್ಯಾಬ್ ಕಪಾಟಿನಲ್ಲಿ ಜೋಪಾನವಾಗಿದೆ, ಹಾಳು ಮಾಡಿಲ್ಲ" ಎಂದು ನಮಗೇ ಸಮಾಧಾನ ಹೇಳಿದರು. ಇನ್ನು ಕೆಲವು ಮನೆಗಳಲ್ಲಿ ಇದ್ದ ಒಂದೇ ಫೋನ್ ತಂದೆಯ ಜೊತೆ ಬೆಳಿಗ್ಗೆಯೇ ಮೀನಿನ ಲಾರಿ ಹತ್ತುತ್ತಿತ್ತು. ಹತ್ತು ಗಂಟೆಯ ಕ್ಲಾಸ್ ಆ ಮಗುವಿನ ಪಾಲಿಗೆ ಇರಲೇ ಇಲ್ಲ. ಸುಳ್ಯ, ಬೆಳ್ತಂಗಡಿ ಕಡೆಯ ಮಕ್ಕಳಿಗೆ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕಿತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಸುರಿವ ಮಳೆಗೆ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ದೇಶವೆಲ್ಲ ಆ ತಂದೆಯನ್ನು ಹೊಗಳಿತು. ನಮಗೂ ಕಣ್ಣು ತುಂಬಿತ್ತು. ಆದರೆ ಆ ಮಳೆಯಲ್ಲಿ ಕೂತ ಮಗು ಎಷ್ಟು ಕಲಿತಿತು ಎಂಬ ಪ್ರಶ್ನೆಯೂ ಬಂತು.

ನಾವು ಕಂಡದ್ದು ನಮ್ಮ ಊರಿನ ಕತೆ ಮಾತ್ರವಲ್ಲ ಎಂದು ತಿಳಿದದ್ದು ಆಮೇಲೆ. ಅಝೀಂ ಪ್ರೇಂಜಿ ವಿಶ್ವವಿದ್ಯಾನಿಲಯ 2020ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರಕಾರಿ ಶಾಲೆಗಳ ಶಿಕ್ಷಕರನ್ನೂ ಪೋಷಕರನ್ನೂ ಕೇಳಿ ಒಂದು ವರದಿ ಪ್ರಕಟಿಸಿತು. ಶೇ. 60ಕ್ಕಿಂತ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ತಲುಪಿರಲಿಲ್ಲ. ಅದಕ್ಕಿಂತಲೂ ನಮ್ಮ ಮನಸ್ಸಿಗೆ ನಾಟಿದ್ದು ಇನ್ನೊಂದು ಅಂಕಿ: ಆನ್‌ಲೈನ್‌ನಲ್ಲಿ ಮಕ್ಕಳೊಂದಿಗೆ ಆಪ್ತತೆ ಉಳಿಸಿಕೊಳ್ಳಲು ಆಗುತ್ತಿಲ್ಲ ಎಂದು ಹೇಳಿದ ಶಿಕ್ಷಕರು ಶೇ. 80ಕ್ಕಿಂತ ಹೆಚ್ಚು. ಅದೇ ಸಂಸ್ಥೆ 2021ರ ಜನವರಿಯಲ್ಲಿ ಇವೇ ಐದು ರಾಜ್ಯಗಳ 16,067 ಮಕ್ಕಳನ್ನು ಪರಿಶೀಲಿಸಿದಾಗ, ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಮರೆತಿದ್ದರು. ಗಣಿತದಲ್ಲಿ ಹಾಗೆ ಮರೆತವರು ಶೇ. 82. ಹೊಸದು ಕಲಿಯದಿರುವುದು ಬೇರೆ, ಕಲಿತದ್ದೇ ಜಾರಿಹೋಗುವುದು ಬೇರೆ. ಟ್ಯಾಬ್‌ನಲ್ಲಿ ಮುಂದಿನ ಪಾಠದ ವಿಡಿಯೋ ಹಾಕಿದರೆ ಜಾರಿಹೋದದ್ದು ಹಿಂದಕ್ಕೆ ಬರುವುದಿಲ್ಲ. ಯಾವ ಮಗುವಿಗೆ ಯಾವುದು ಜಾರಿದೆ ಎಂದು ಯಾರಾದರೂ ಕೇಳಿ ತಿಳಿಯಬೇಕು.

ಹಾಗಾಗಿ 2020ರ ಕೊನೆಯಲ್ಲಿ ಕ್ರಮ ಬದಲಿಸಿದೆವು. ವಿಡಿಯೋ ಕ್ಲಾಸ್ ವಾರಕ್ಕೆ ಒಂದಕ್ಕೆ ಇಳಿಯಿತು, ಅದೂ ಹತ್ತನೇ ತರಗತಿಗೆ ಮಾತ್ರ. ಉಳಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಟೀಚರ ಧ್ವನಿ, ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟಕ್ಕೆ ಎರಡು-ಮೂರು ಎಂಬಿ ಸಾಕು. ಉಪ್ಪ ರಾತ್ರಿ ಎಂಟಕ್ಕೆ ಫೋನ್ ತಂದ ಮೇಲೂ ಕೇಳಬಹುದು, ಅರ್ಥವಾಗದಿದ್ದರೆ ಎರಡು ಸಲ ಕೇಳಬಹುದು. ಜೊತೆಗೆ ಒಂದು ಹಾಳೆ ಅಭ್ಯಾಸ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಹಾಳೆ ಝೆರಾಕ್ಸ್ ಆಗಿ ಪಕ್ಕದ ಅಂಗಡಿಗೆ ಹೋಗುತ್ತಿತ್ತು. ಇದೆಲ್ಲ ಅರ್ಧ ಕೆಲಸ. ಉಳಿದರ್ಧ ವಾರಕ್ಕೊಂದು ಫೋನ್ ಕರೆ. ಪ್ರತಿ ಶಿಕ್ಷಕರಿಗೆ ಹದಿನೈದು ಮಕ್ಕಳು, ಪ್ರತಿ ಮಗುವಿಗೆ ಕಾಲು ಗಂಟೆ. ಬಟನ್ ಫೋನ್ ಆದರೂ ಸಾಕು. "ಮೂರನೇ ಲೆಕ್ಕ ಹೇಗೆ ಮಾಡಿದೆ, ಬಾಯಲ್ಲಿ ಹೇಳು" ಎಂದು ಟೀಚರ್ ಕೇಳುತ್ತಾರೆ. ಮಗು ಹೇಳುತ್ತಾ ಹೋದಂತೆ ಎಲ್ಲಿ ಎಡವಿತು ಎಂದು ಗೊತ್ತಾಗುತ್ತದೆ. ನಾಲ್ವತ್ತು ಮಕ್ಕಳ ತರಗತಿಯಲ್ಲಿ ಇಷ್ಟು ಗೊತ್ತಾಗುತ್ತಿರಲಿಲ್ಲ ಎಂದು ನಮ್ಮ ವಿಜ್ಞಾನದ ಸರ್ ಒಪ್ಪಿಕೊಂಡರು.

ಇದು ನಮ್ಮದೇ ಹೊಸ ಉಪಾಯ ಎಂದು ಬೀಗಿದ್ದೆವು. ಆದರೆ ಆಫ್ರಿಕಾದ ಬೋಟ್ಸ್ವಾನಾದಲ್ಲಿ 2020ರಲ್ಲೇ ಸುಮಾರು 4,500 ಕುಟುಂಬಗಳೊಂದಿಗೆ ಇಂಥದ್ದೇ ಪ್ರಯೋಗ ನಡೆದಿತ್ತು. ಅಲ್ಲಿ ಕೆಲವು ಮಕ್ಕಳಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ ಕಳಿಸಿದರು. ಇನ್ನು ಕೆಲವರಿಗೆ ಎಸ್‌ಎಂಎಸ್ ಜೊತೆ ಹದಿನೈದು-ಇಪ್ಪತ್ತು ನಿಮಿಷದ ಕರೆಯನ್ನೂ ಮಾಡಿದರು. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಕರೆಯೂ ಸೇರಿದಾಗ ಮಕ್ಕಳ ಗಣಿತ ಸ್ಪಷ್ಟವಾಗಿ ಸುಧಾರಿಸಿತ್ತು.

ಈಗ ಸಂಬಳದ ವಿಷಯ. ಶುಲ್ಕ ಬಾರದೆ ಅನುದಾನರಹಿತ ಶಾಲೆಗಳ ಶಿಕ್ಷಕರ ಬದುಕು ಏನಾಯಿತೆಂದು ನೀವೆಲ್ಲ ಕಂಡಿದ್ದೀರಿ. ತರಕಾರಿ ಮಾರಿದವರಿದ್ದರು, ಹೊಲಿಗೆಗೆ ಕೂತವರಿದ್ದರು. ದುಡಿಮೆಯಲ್ಲಿ ಅವಮಾನವಿಲ್ಲ, ಆದರೆ ಶಿಕ್ಷಕರು ಹೋದರೆ ಮಕ್ಕಳಿಗೆ ಫೋನ್ ಮಾಡುವವರು ಯಾರು? 2021ರ ಜೂನ್‌ನಲ್ಲಿ ಸರಕಾರ ಇಂಥ ಶಿಕ್ಷಕರಿಗೆ ಒಂದು ಬಾರಿಗೆ 5,000 ರೂಪಾಯಿ ಪ್ರಕಟಿಸಿತು. ಅದು ಒಂದು ತಿಂಗಳ ದಿನಸಿ. ಆಗ ಟ್ರಸ್ಟ್‌ನ ಸಭೆಯಲ್ಲಿ ಜೋರು ಚರ್ಚೆಯೇ ನಡೆಯಿತು. ಟ್ಯಾಬ್ ಕೊಟ್ಟರೆ ಫೋಟೋ ತೆಗೆಯಬಹುದು, ದಾನಿಗಳಿಗೆ ತೋರಿಸಬಹುದು; ಸಂಬಳ ಕೊಟ್ಟದ್ದಕ್ಕೆ ಏನನ್ನು ತೋರಿಸುವುದು ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ಸಂಬಳದ ಅರ್ಧವನ್ನಾದರೂ ತಿಂಗಳು ತಪ್ಪದೆ ಕೊಡುವುದೆಂದು ತೀರ್ಮಾನವಾಯಿತು. ಪೂರ್ತಿ ಕೊಡಲಾಗಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇವೆ.

ಹಣದಿಂದಷ್ಟೇ ಯಾರ ಉತ್ಸಾಹವೂ ಉಳಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಗ್ರೂಪ್‌ನಲ್ಲಿ ಪೋಷಕರ ಸಂದೇಶ, ಮನೆಯಲ್ಲಿ ಕಾಯಿಲೆಯವರು, ದಿನಕ್ಕೊಂದು ಸಾವಿನ ಸುದ್ದಿ. ಎರಡನೆಯ ಅಲೆಯ ಹೊತ್ತಿಗೆ ಇಬ್ಬರು ಟೀಚರ್‌ಗಳು ಬಿಡುತ್ತೇವೆಂದು ಹೇಳಿಬಿಟ್ಟಿದ್ದರು. ನಾವು ಮಾಡಿದ್ದು ಸಣ್ಣ ಕೆಲಸಗಳು. ರಾತ್ರಿ ಒಂಬತ್ತರ ನಂತರ ಯಾರೂ ಉತ್ತರಿಸಬೇಕಾಗಿಲ್ಲ ಎಂದು ಪೋಷಕರಿಗೆ ತಿಳಿಸಿದೆವು. ಶನಿವಾರ ಸಂಜೆ ಶಿಕ್ಷಕರೆಲ್ಲ ಒಟ್ಟಿಗೆ ಫೋನಿನಲ್ಲಿ ಸೇರಿ ಆ ವಾರ ಒಂದು ಮಗು ಹೇಳಿದ ಒಂದು ಒಳ್ಳೆಯ ಉತ್ತರವನ್ನು ಹಂಚಿಕೊಳ್ಳುವ ರೂಢಿ ಹಾಕಿದೆವು. ಮೊದಮೊದಲು ಇದು ಮಕ್ಕಳಾಟದಂತೆ ಕಂಡಿತು. ಮೂರನೆಯ ವಾರ ಗಣಿತದ ಟೀಚರ್ ಒಂದು ಧ್ವನಿಯನ್ನು ಕೇಳಿಸಿದರು. ಐದನೇ ತರಗತಿಯ ಹುಡುಗಿ, ಹಿಂದೆ ಕೋಳಿ ಕೂಗುವ ಸದ್ದು, ಭಿನ್ನರಾಶಿಯನ್ನು ತಮ್ಮನಿಗೆ ವಿವರಿಸುತ್ತಿದ್ದಾಳೆ: ದೋಸೆಯನ್ನು ನಾಲ್ಕು ತುಂಡು ಮಾಡಿದರೆ ಒಂದು ತುಂಡು ಕಾಲು, "ನೀನು ಎರಡು ತಿಂದರೆ ಅರ್ಧ ತಿಂದೆ, ಉಮ್ಮನ ಹತ್ತಿರ ಹೇಳ್ತೇನೆ." ಎಲ್ಲರೂ ನಕ್ಕರು. ಬಿಡುತ್ತೇನೆಂದಿದ್ದವರಲ್ಲಿ ಒಬ್ಬರು ಉಳಿದರು. ಇನ್ನೊಬ್ಬರಿಗೆ ಮನೆಯ ಹೊರೆ ದೊಡ್ಡದಿತ್ತು. ಅವರು ಹೋದರು, ಅವರ ಮೇಲೆ ನಮಗೆ ಯಾವ ದೂರೂ ಇಲ್ಲ.

ಕರೆಗಳಿಂದ ಏನು ಪ್ರಯೋಜನವಾಯಿತು ಎಂದರೆ ಹತ್ತನೇ ತರಗತಿಯ ಒಬ್ಬ ಹುಡುಗನ ವಿಷಯ ಹೇಳಬೇಕು. ಮೂರು ವಾರ ಅವನ ಫೋನ್ ಸ್ವಿಚ್ ಆಫ್. ನಾಲ್ಕನೆಯ ವಾರ ಟೀಚರ್ ಪಕ್ಕದ ಮನೆಗೆ ಫೋನ್ ಮಾಡಿದಾಗ ಹುಡುಗ ಗ್ಯಾರೇಜಿಗೆ ಸೇರಿದ್ದು ತಿಳಿಯಿತು. ಶಾಲೆ ತೆರೆಯುವವರೆಗೆ ಕಾದಿದ್ದರೆ ಅಷ್ಟರಲ್ಲಿ ಅವನು ಪೂರಾ ಮೆಕ್ಯಾನಿಕ್ ಆಗಿರುತ್ತಿದ್ದ. ಗ್ಯಾರೇಜ್ ಬಿಡಿಸಲು ನಮಗೆ ಆಗಲಿಲ್ಲ, ಮನೆಗೆ ಅವನ ದುಡಿಮೆ ಬೇಕಿತ್ತು. ರಾತ್ರಿ ಎಂಟೂವರೆಗೆ ಕರೆ ಎಂದು ಮಾತಾಯಿತು. ಆ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ. ದಿನಕ್ಕೆ ಮೂರು ವಿಷಯ, ಉತ್ತರ ಆರಿಸಿ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಕ್ರಮ. ನಮ್ಮ ಮಕ್ಕಳು ಅಂಥ ಹಾಳೆಯನ್ನು ಕಂಡಿರಲೇ ಇಲ್ಲ. ಮಾದರಿ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ ಮನೆಗಳಿಗೆ ಮುಟ್ಟಿಸಿ, ವೃತ್ತದ ಹೊರಗೆ ಶಾಯಿ ಹೋಗದಂತೆ ತುಂಬುವುದನ್ನು ಫೋನಿನಲ್ಲೇ ಹೇಳಿಕೊಟ್ಟರು. ಗ್ರೀಸ್ ಮೆತ್ತಿದ ಕೈಯಲ್ಲಿ ತುಂಬಿದ ಒಂದು ಹಾಳೆ ಈಗಲೂ ನಮ್ಮ ಕಚೇರಿಯಲ್ಲಿದೆ. ಹುಡುಗ ಆಮೇಲೆ ಪಿಯುಸಿ ಸೇರಿದ. ಭಾನುವಾರ ಗ್ಯಾರೇಜಿಗೆ ಹೋಗುತ್ತಿದ್ದ.

ಎಲ್ಲರೂ ಹೀಗೆ ಸಿಗಲಿಲ್ಲ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರ ಮನೆಯವರು ಊರು ಬಿಟ್ಟರು, ನಂಬರ್ ಬದಲಾಯಿತು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೂ ಇದೆ. ಓದುಗರಲ್ಲಿ ಯಾರಿಗಾದರೂ ಇಂಥ ಮಕ್ಕಳ ಸುಳಿವು ಸಿಕ್ಕಿದರೆ ದಯಮಾಡಿ ಕಚೇರಿಗೆ ತಿಳಿಸಿ.

ಈ ಅನುಭವದಿಂದ ಈ ಸಾಲಿನ ವಿದ್ಯಾರ್ಥಿವೇತನದಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಶಾಲೆ ತೆರೆದರೂ ವಾರದ ಕರೆ ಮುಂದುವರಿಯುತ್ತದೆ, ಬೇರೆ ಶಾಲೆಗಳಲ್ಲಿ ಓದುತ್ತಾ ನಮ್ಮಿಂದ ವೇತನ ಪಡೆಯುವ ಮಕ್ಕಳಿಗೂ. ಟ್ಯಾಬ್‌ಗೆಂದು ಉಳಿದಿರುವ ಹಣದಲ್ಲಿ ಪಿಯುಸಿಗೆ ಸೇರಿದವರಿಗೆ ಮಾತ್ರ ಟ್ಯಾಬ್ ಕೊಡುತ್ತೇವೆ, ಜೊತೆಗೆ ಡಾಟಾ ಖರ್ಚನ್ನೂ ಸೇರಿಸಿ. ಬರೀ ಟ್ಯಾಬ್ ಇನ್ನು ಮುಂದೆ ಇಲ್ಲ.

ಪೋಷಕರಲ್ಲಿ ಒಂದು ವಿನಂತಿ. ಅರ್ಜಿಯಲ್ಲಿ ಫೋನ್ ನಂಬರ್ ಬರೆಯುವಾಗ ಆ ಫೋನ್ ಯಾರ ಬಳಿ ಇರುತ್ತದೆ, ಯಾವ ಹೊತ್ತಿಗೆ ಮನೆಗೆ ಬರುತ್ತದೆ ಎಂದೂ ಬರೆಯಿರಿ. ನೆರೆಮನೆಯ ಅಥವಾ ಹತ್ತಿರದ ಅಂಗಡಿಯ ನಂಬರ್ ಒಂದನ್ನು ಅವರನ್ನು ಕೇಳಿ ಸೇರಿಸಿ. ಕರೆ ಬಂದಾಗ ಮಗುವಿನ ಪರವಾಗಿ ನೀವು ಉತ್ತರ ಹೇಳಬೇಡಿ. ತಪ್ಪು ಹೇಳಿದರೆ ಹೇಳಲಿ, ಟೀಚರಿಗೆ ಬೇಕಾದದ್ದೇ ಅದು. ಮಗು ಕೆಲಸಕ್ಕೆ ಹೋಗಿದ್ದರೆ ಹಾಗೆಂದೇ ಹೇಳಿ, ಮುಚ್ಚಿಡಬೇಡಿ. ಅದರಿಂದ ಅರ್ಜಿ ತಿರಸ್ಕೃತವಾಗುವುದಿಲ್ಲ. ಯಾವ ಹೊತ್ತಿಗೆ ಮತ್ತೆ ಫೋನ್ ಮಾಡಬೇಕೆಂದು ಮಾತ್ರ ಟೀಚರ್ ಕೇಳುತ್ತಾರೆ.