ಸೂರ್ಯನ ಫ್ಯೂಸ್ ಕೀಳೋಕಾಗಲ್ಲ

"ಮೆಸ್ಕಾಂ ಲೈನೇ ಇಲ್ಲ, ಮತ್ತೆ ಶಾಕ್ ಎಲ್ಲಿಂದ ಹೊಡೀಬೇಕು?" ಬಾವಿಗೆ ಸೋಲಾರ್ ಪಂಪ್ ಹಾಕಿಸಿದ ಬಹಳಷ್ಟು ಜನ ಹೀಗೇ ಅಂದುಕೊಂಡಿರ್ತಾರೆ. 2019ರಲ್ಲಿ ಪಿಎಂ-ಕುಸುಮ್ ಯೋಜನೆ ಬಂದ ಮೇಲೆ ಇಂಥ ಪಂಪ್‌ಗಳು ಹೆಚ್ಚಿವೆ. ಪಂಪ್ ಬಂತು, ಎಚ್ಚರಿಕೆ ಬಂತಾ?

ಲೆಕ್ಕ ನೋಡಿ. ಒಂದು ಪ್ಯಾನೆಲ್‌ನಿಂದ ಸುಮಾರು 40 ವೋಲ್ಟ್. ಹತ್ತು ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 400 ವೋಲ್ಟ್. ನಮ್ಮ ಮನೆಗೆ ಬರೋದು 230. ಈಗ ಹೇಳಿ, ಯಾವುದಕ್ಕೆ ಹೆದರಬೇಕು?

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇದೊಂದನ್ನು ಬಿಡಿಸಿ ಹೇಳ್ತೇನೆ. ಮನೆಯ ಎ.ಸಿ. ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತೆ. ಸ್ವಿಚ್ ಆರಿಸುವಾಗ ಹುಟ್ಟುವ ಕಿಡಿ ಆ ಗಳಿಗೆಯಲ್ಲಿ ಸಾಯುತ್ತೆ. ಪ್ಯಾನೆಲ್‌ನ ಡಿ.ಸಿ. ಸೊನ್ನೆಗೆ ಇಳಿಯೋದೇ ಇಲ್ಲ; ಕಿಡಿ ಉರಿಯುತ್ತಲೇ ಹೋಗಿ ಸ್ವಿಚ್ಚನ್ನೇ ಸುಡಬಹುದು. ಆದ್ದರಿಂದ ಮನೆಯ ಮಾಮೂಲಿ ಎಂಸಿಬಿ ಇಲ್ಲಿ ಸಾಲದು. ಡಿ.ಸಿ.ಗೆಂದೇ ತಯಾರಾದ ಐಸೊಲೇಟರ್ ಬೇಕು. ಅದು ಪ್ಯಾನೆಲ್ ಮತ್ತು ಕಂಟ್ರೋಲರ್ ನಡುವೆ, ಕೈಗೆ ಸಿಗುವ ಎತ್ತರದಲ್ಲಿರಬೇಕು. ಪಂಪ್ ಓಡುವಾಗ ಪ್ಯಾನೆಲ್ ಕನೆಕ್ಟರ್ ಎಳೆಯಲೇಬಾರದು.

ಇನ್ನು ಅರ್ಥಿಂಗ್. ಮಂಗಳೂರಿನ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಬಲ ಕಳೆದುಕೊಳ್ಳುತ್ತೆ. ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲು ಬರೋದೂ ಆಗಲೇ. ಪ್ಯಾನೆಲ್ ಸ್ಟ್ಯಾಂಡ್‌ಗೆ, ಕಂಟ್ರೋಲರ್‌ಗೆ, ಮೋಟರ್‌ಗೆ ಸರಿಯಾದ ಅರ್ಥಿಂಗ್ ಮಾಡಿಸಿ. ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ವರ್ಷಕ್ಕೊಮ್ಮೆ ಅಳತೆ ಮಾಡಿಸಿ.

ನನ್ನ ನಿಜವಾದ ಆತಂಕ ಬೇರೆಯೇ ಇದೆ. ಪಂಪ್ ಕೆಟ್ಟಾಗ ಬಾವಿಗೆ ಇಳಿಯೋದು ಪ್ಯಾನೆಲ್ ಹಾಕಿದ ಕಂಪನಿಯವರಲ್ಲ, ಊರಿನ ಮೆಕ್ಯಾನಿಕ್. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಇಳಿಯೋದು ಅವರ ರೂಢಿ. ಕಿತ್ತರೆ ಲೈನ್ ಸತ್ತಿತು ಅನ್ನೋದು ವರ್ಷಗಳ ಅನುಭವ. ಸೋಲಾರ್‌ನಲ್ಲಿ ಆ ಅನುಭವವೇ ಮೋಸ ಮಾಡುತ್ತೆ. ಐಸೊಲೇಟರ್ ಆರಿಸಿದರೂ ಪ್ಯಾನೆಲ್‌ನಿಂದ ಅಲ್ಲಿವರೆಗಿನ ವೈರ್‌ನಲ್ಲಿ ಬಿಸಿಲಿರುವಷ್ಟು ಹೊತ್ತೂ ಕರೆಂಟ್ ಇರುತ್ತೆ. ಕಂಟ್ರೋಲರ್ ಒಳಗೂ ಕೆಲವು ನಿಮಿಷ ಚಾರ್ಜ್ ಉಳಿದಿರುತ್ತೆ. ಪಂಪ್ ನಿಂತಿದೆ ಅಂತ ನಂಬಿ ಇಳಿದರೆ, ಮೋಡ ಸರಿದು ಬಿಸಿಲು ಬಿದ್ದಾಗ ಅದು ತಾನಾಗಿ ಓಡಲೂಬಹುದು.

ಹಾಗಾಗಿ ಐಸೊಲೇಟರ್ ಆರಿಸಿ, ಬೀಗ ಹಾಕಿ, ಸ್ವಲ್ಪ ಕಾದು, ಡಿ.ಸಿ. ತೋರಿಸುವ ಮೀಟರ್‌ನಲ್ಲಿ ಪರೀಕ್ಷಿಸಿ. ಟೆಸ್ಟರ್ ನಂಬಬೇಡಿ. ಪಂಪನ್ನು ಹಗ್ಗದಿಂದ ಎತ್ತಿ, ಕೇಬಲ್ ಹಿಡಿದು ಎಳೆಯಬೇಡಿ.

ಮತ್ತೆ ಆ ಬೀಗದ ಕೀ? ಅದು ಮೇಲೆ ನಿಂತ ಯಜಮಾನರ ಹತ್ತಿರ ಅಲ್ಲ, ಬಾವಿಗೆ ಇಳಿಯುವವರ ಜೇಬಿನಲ್ಲಿರಬೇಕು. ಫ್ಯೂಸ್ ಇರುತ್ತಿದ್ದ ಅದೇ ಜೇಬಿನಲ್ಲಿ.